ಅವರ ಹೊಗೆಗೆ ನಾನು ಸುತ್ತಿದ ತಂತಿ

ನನ್ನ ಗಂಡ ಬಲಗೈ ಮಣಿಕಟ್ಟು ಮುರಿದುಕೊಂಡಾಗ ನಾವು ಮಾತು ಬಿಟ್ಟು ತಿಂಗಳ ಮೇಲಾಗಿತ್ತು. ಪೂರ್ತಿ ಬಿಟ್ಟಿದ್ದೆವು ಎಂದಲ್ಲ. ಊಟ ಆಗಿದೆ, ಕುಡಿಯುವ ನೀರಿನ ಕ್ಯಾನು ಖಾಲಿಯಾಗಿದೆ, ಎಸಿ ಸದ್ದು ಮಾಡುತ್ತಿದೆ ಎಂಬಷ್ಟು ಮಾತು ನಡೆಯುತ್ತಿತ್ತು. ಅದರಾಚೆಗೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಸೌದಿಯ ದಹ್ರಾನಿನಲ್ಲಿ ನಮ್ಮದು ಗೇಟು, ಕಾವಲುಗಾರ, ಒಂದೇ ಬಣ್ಣದ ಮನೆಗಳಿರುವ ವಸತಿ. ಅವರು ಹಾಸನದ ಕಡೆಯವರು, ಗುತ್ತಿಗೆ ಕಂಪನಿಯೊಂದರಲ್ಲಿ ಪೈಪಿಂಗ್ ಇಂಜಿನಿಯರ್. ನಾನು ಮಂಗಳೂರಿನವಳು. ನಾನು ‘ಎಂತ’ ಅಂದಾಗಲೆಲ್ಲ ಅವರು ‘ಏನು’ ಅಂತ ತಿದ್ದುತ್ತಾರೆ, ಮದುವೆಯಾದಾಗಿನಿಂದಲೂ. ಮದುವೆಗೆ ಮುಂಚೆ ನಾನು ದಂತ ಲ್ಯಾಬಿನಲ್ಲಿದ್ದೆ. ಹಲ್ಲು ನೇರ ಮಾಡಲು ಹಾಕುವ ತಂತಿಗಳನ್ನು ಅಚ್ಚಿಗೆ ತಕ್ಕಂತೆ ಬಗ್ಗಿಸಿಕೊಡುವ ಕೆಲಸ. ಆ ಕೆಲಸ ನನಗೆ ಪ್ರಾಣ. ಅದನ್ನು ಬಿಟ್ಟು ಇಲ್ಲಿಗೆ ಬಂದು ಭಾರತೀಯ ಶಾಲೆಯ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುವವಳಾದೆ. ನಮಗೆ ಮಕ್ಕಳಿಲ್ಲ. ಹಾಗಾಗಿ ಈ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಮಂಗಳೂರಿಗೆ ಹೋಗಿ, ಹಳೆಯ ಸಹೋದ್ಯೋಗಿಯ ಜೊತೆ ಸೇರಿ ನನ್ನದೇ ಲ್ಯಾಬು ಹಾಕುವುದು ಎಂದು ಮಾತಾಗಿತ್ತು. ಅದು ನನ್ನ ಕನಸಾಗಿ ಮಾತ್ರ ಉಳಿದಿರಲಿಲ್ಲ. ಇಬ್ಬರೂ ಕೂತು ಆಡಿ ಒಪ್ಪಿದ ಮಾತು ಅದು.

ಒಂದು ಶುಕ್ರವಾರ ಅವರ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಮನೆಯ ಯಜಮಾನರು ಬಿರಿಯಾನಿ ಬಡಿಸುತ್ತಾ, ಇನ್ನೂ ಎರಡು ವರ್ಷ ನಿಮ್ಮ ಕಾಟ ನಮಗೆ ತಪ್ಪಿದ್ದಲ್ಲ ಎಂದು ನಕ್ಕರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ನನಗೆ ಅಲ್ಲೇ ಗೊತ್ತಾಯಿತು. ಕಾರಿನಲ್ಲಿ ಕೂತ ಮೇಲೆ ಕೇಳಿದೆ. ಕಾಂಟ್ರ್ಯಾಕ್ಟು ಮುಂದುವರಿಸಿ ಆಗಿದೆ ಎಂದರು. ಹೇಳೋಣ ಅಂತಿದ್ದರಂತೆ. ಯಾವಾಗ ಎಂದು ಕೇಳಿದೆ.

“ನೀನು ಹೀಗೆ ಮುಖ ಮಾಡ್ತೀಯ ಅಂತಲೇ ಹೇಳಿರಲಿಲ್ಲ,” ಎಂದರು.

ಅಂದಿನಿಂದ ನಾನು ಆ ಮುಖವನ್ನೇ ಖಾಯಂ ಇಟ್ಟುಕೊಂಡೆ.

ಅವರು ಬಿದ್ದದ್ದು ವಸತಿಯೊಳಗಿನ ಪ್ಯಾಡಲ್ ಅಂಗಣದಲ್ಲಿ. ಗಾಜಿನ ಗೋಡೆಯ ನಡುವೆ ರ‍್ಯಾಕೆಟ್ಟು ಹಿಡಿದು ಆಡುವ ಆ ಆಟದ ಹುಚ್ಚು ಈಚೆಗೆ ಇಲ್ಲಿ ಎಲ್ಲರಿಗೂ ಹಿಡಿದಿದೆ. ಹಿಂದಕ್ಕೆ ಓಡುತ್ತಾ ಜಾರಿ ಬಲಗೈ ಊರಿದರು. ಮಣಿಕಟ್ಟು ಮುರಿಯಿತು, ಹೆಬ್ಬೆರಳಿನ ಬುಡವೂ ಹೋಯಿತು. ಆಸ್ಪತ್ರೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಮನೆಗೆ ಬಂದಾಗ ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಸಿಟ್ಟು ಕಾಣುತ್ತಿತ್ತು. ಆ ಸಿಟ್ಟು ನನ್ನ ಮೇಲೆ ಏಕಿರಬೇಕು ಎಂದು ನನಗೆ ಅರ್ಥವಾಗಲಿಲ್ಲ.

ಮರುದಿನದಿಂದ ಕಾರು ನಾನೇ ಓಡಿಸಬೇಕಾಯಿತು. ನನ್ನ ಬಳಿ ಲೈಸೆನ್ಸಿತ್ತು, ಆದರೆ ಅವರು ನನಗೆ ಕಾರು ಕೊಡುತ್ತಿದ್ದದ್ದು ಗೇಟಿನೊಳಗೆ ಮಾತ್ರ. ಈಗ ಹೆದ್ದಾರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಬ್ರೇಕೇ ಇಲ್ಲದ ಜಾಗದಲ್ಲಿ ಕಾಲು ಒತ್ತುತ್ತಾ, ಲೇನು, ಕನ್ನಡಿ, ಇಂಡಿಕೇಟರು ಎಂದು ಹೇಳುತ್ತಲೇ ಇರುತ್ತಿದ್ದರು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರನ್ನು ಆಫೀಸಿನ ಬಾಗಿಲಿಗೆ ಇಳಿಸಿ ಶಾಲೆಗೆ ಹೋಗುವ ಆ ಒಂಟಿ ದಾರಿಯಷ್ಟೇ ದಿನದಲ್ಲಿ ನನಗೆ ಸಿಗುತ್ತಿದ್ದ ನೆಮ್ಮದಿ.

ಇನ್ನು ಅವರ ಹೊಗೆಯ ಯಂತ್ರದ ವಿಷಯ. ಅವರು ಸಿಗರೇಟು ಬಿಟ್ಟು ಕೆಲವು ವರ್ಷಗಳಾಗಿದ್ದವು. ಅದರ ಬದಲಿಗೆ ವೇಪ್, ಅಂದರೆ ಇ-ಸಿಗರೇಟು ಹಿಡಿದಿದ್ದರು. ಅಂಗಡಿಯಲ್ಲಿ ಸಿಗುವ, ಸೇದಿ ಎಸೆಯುವ ತೆಳ್ಳಗಿನದಲ್ಲ. ಅಂಗೈ ತುಂಬುವ ಒಂದು ಡಬ್ಬಿ. ಒಳಗೆ ಒಂದು ಬ್ಯಾಟರಿ, ಅದರ ಪಕ್ಕ ಒಂದು ಮೆತ್ತನೆಯ ಬಾಟಲಿ. ಬಾಟಲಿಯಲ್ಲಿ ಮಾವಿನಹಣ್ಣಿನ ವಾಸನೆಯ ಲಿಕ್ವಿಡ್. ಡಬ್ಬಿಯ ಬದಿಯಲ್ಲೊಂದು ಕಿಂಡಿ. ಅಲ್ಲಿಂದ ಬೆರಳು ಹಾಕಿ ಬಾಟಲಿ ಒತ್ತಿದರೆ ಲಿಕ್ವಿಡ್ ಕೊಳವೆಯಲ್ಲಿ ಮೇಲಕ್ಕೇರಿ ಅಟೊಮೈಸರಿಗೆ ಹೋಗುತ್ತದೆ. ಅಟೊಮೈಸರ್ ಎಂದರೆ ಡಬ್ಬಿಯ ತಲೆಯ ಮೇಲೆ ಕೂರುವ, ದೊಡ್ಡ ಗುಂಡಿಯಷ್ಟಗಲದ ಲೋಹದ ಬಟ್ಟಲು. ಅದರೊಳಗೆ ಸುರುಳಿ ಸುತ್ತಿದ ತಂತಿಯನ್ನು, ಅಂದರೆ ಕಾಯಿಲನ್ನು, ಎರಡು ಸ್ಕ್ರೂಗಳಿಗೆ ಬಿಗಿದು, ಸುರುಳಿಯ ನಡುವೆ ಹತ್ತಿ ತೂರಿಸಬೇಕು. ಲಿಕ್ವಿಡ್ ಹತ್ತಿಯನ್ನು ನೆನೆಸುತ್ತದೆ, ಬಟನ್ ಒತ್ತಿದರೆ ತಂತಿ ಕಾಯುತ್ತದೆ, ಎಳೆದರೆ ಆವಿ ಬರುತ್ತದೆ. ಆ ತಂತಿ, ಹತ್ತಿ ಎಲ್ಲವನ್ನೂ ಸೇದುವವರೇ ಮತ್ತೆ ಮತ್ತೆ ಬದಲಾಯಿಸಿಕೊಳ್ಳಬೇಕು. ಅವರಿಗೆ ಅದರಲ್ಲೇ ಜಂಬ. ರೆಡಿಮೇಡ್ ವೇಪ್ ಸೇದುವವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ನಾನು ಹೊಗೆ ಎಂದರೆ ಆವಿ ಎಂದು ಅದನ್ನೂ ತಿದ್ದುತ್ತಿದ್ದರು.

ಪ್ಲಾಸ್ಟರ್ ಬಿದ್ದ ಎರಡನೇ ದಿನವೋ ಮೂರನೇ ದಿನವೋ ಎಡಗೈಯಲ್ಲಿ ಆ ಡಬ್ಬಿ ಹಿಡಿದು ಅಡುಗೆಮನೆಗೆ ಬಂದರು.

“ಇದಕ್ಕೆ ಕಾಯಿಲ್ ಹಾಕಬೇಕು,” ಎಂದರು. ಹಾಕಿಕೊಡ್ತೀಯಾ ಎಂದು ಕೇಳಲಿಲ್ಲ.

ಇದರ ಬಗ್ಗೆ ನನಗೆ ಎಂತ ಗೊತ್ತುಂಟು ಎಂದೆ.

“ಹಲ್ಲಿಗೆ ತಂತಿ ಬಗ್ಗಿಸ್ತಿದ್ದವಳಿಗೆ ಇದೇನು ಮಹಾ?”

ನಾನೊಂದು ಕಸುಬು ಕಲಿತವಳು ಎಂಬುದು ಅವರಿಗೆ ಎಷ್ಟೋ ವರ್ಷಗಳ ಮೇಲೆ ನೆನಪಾಗಿತ್ತು. ನೆನಪಾದದ್ದು ಇದಕ್ಕೆ. ಆದರೂ ನಾನು ಕೂತೆ. ಒಲ್ಲೆ ಎಂದರೆ ಸಿಗರೇಟು ಹಿಡಿಯುತ್ತಾರೆ, ಆ ಆರೋಪವೂ ನನ್ನ ತಲೆಗೇ ಬರುತ್ತದೆ ಎಂದು ಗೊತ್ತಿತ್ತು.

ಎದುರು ಕುರ್ಚಿಯಲ್ಲಿ ಕೂತು ಅವರು ಸೈಟಿನಲ್ಲಿ ಫಿಟ್ಟರನಿಗೆ ಹೇಳುವ ಹಾಗೆ ಹೇಳಿದರು. ತಂತಿ ಸುತ್ತುವುದು ನನಗೆ ಕಷ್ಟವಾಗಲಿಲ್ಲ. ಕೆಟ್ಟದ್ದು ಹತ್ತಿಯಲ್ಲಿ. ಎಷ್ಟು ಹಾಕಬೇಕು ಎಂದರೆ, ಸಾಕಷ್ಟು ಎಂದರು. ನಾನು ಸಾಕಷ್ಟು ತುರುಕಿದೆ. ಬಿಗಿಯಾದ ಹತ್ತಿ ಲಿಕ್ವಿಡನ್ನು ಎಳೆದುಕೊಳ್ಳುವುದಿಲ್ಲ, ಒಣಗಿದ ಜಾಗದಲ್ಲಿ ತಂತಿ ಕಾದು ಹತ್ತಿಯೇ ಸುಡುತ್ತದೆ. ಅವರು ಒಂದು ದಮ್ಮು ಎಳೆದು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಸುಟ್ಟ ಬಟ್ಟೆಯ ವಾಸನೆ ಮನೆಯೆಲ್ಲ ಹರಡಿತು. ಕೆಮ್ಮು ನಿಂತ ಮೇಲೆ ನನ್ನನ್ನೇ ದಿಟ್ಟಿಸಿ, “ಬೇಕಂತಲೇ ಮಾಡಿದೀಯ,” ಎಂದರು.

ಬೇಕೆಂದು ಮಾಡಿರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ, ಬೇಕೆಂದೇ ಚೆನ್ನಾಗಿ ಮಾಡಿ ತೋರಿಸಬೇಕು ಎಂಬ ಹಟ ಹತ್ತಿತು. ಪ್ರೀತಿಯಿಂದ ಅಲ್ಲ. ಅವರಿಗೆ ದೂರಲು ಒಂದೇ ಒಂದು ಕಾರಣ ಸಿಗಬಾರದು ಎಂಬ ಹಟ.

ಮುಂದಿನ ಸಲ ಹತ್ತಿ ಕಡಿಮೆ ಮಾಡಿದೆ. ಅದು ಮತ್ತೊಂದು ತುದಿ. ಹತ್ತಿ ಹಿಡಿಯದಷ್ಟು ಲಿಕ್ವಿಡ್ ಬಟ್ಟಲಿನಲ್ಲಿ ನಿಂತು, ಗಾಳಿ ಹೋಗುವ ತೂತುಗಳಿಂದ ಇಳಿದು ಅವರ ಆಫೀಸಿನ ಅಂಗಿಯ ಜೇಬು ಒದ್ದೆಯಾಯಿತು. ಬಾಗಿಲವರೆಗೆ ಹೋದವರು ಬೈಯುತ್ತಾ ಹಿಂದಿರುಗಿ, ಎಡಗೈಯೊಂದರಲ್ಲೇ ಬೇರೆ ಅಂಗಿ ಹಾಕಿಕೊಳ್ಳಲು ಒದ್ದಾಡಿದರು. ಗುಂಡಿ ಹಾಕಿಕೊಡು ಎಂದು ಅವರು ಕೇಳಲಿಲ್ಲ. ನಾನು ಕಾರಿನ ಕೀಲಿ ಹಿಡಿದು ನಿಂತೇ ಇದ್ದೆ. ಮೇಲಿನೆರಡು ಗುಂಡಿ ಬಿಚ್ಚಿಕೊಂಡೇ ಅವರು ಆಫೀಸಿಗೆ ಹೋದರು.

ಆ ವಾರವೆಲ್ಲ ಶಾಲೆಯಿಂದ ಬಂದ ಮೇಲೆ ನಾನು ಫೋನಿನಲ್ಲಿ ವಿಡಿಯೋಗಳನ್ನು ನೋಡಿದೆ. ಯಾವುದೋ ದೇಶದ ಗಡ್ಡದವರು ಕಾಯಿಲ್ ಸುತ್ತುತ್ತಾ ತಾಸುಗಟ್ಟಲೆ ಮಾತಾಡುವ ವಿಡಿಯೋಗಳು. ಮಾತು ಬಿಟ್ಟು ಅವರ ಕೈ ನೋಡಿದೆ. ಹತ್ತಿ ಸುರುಳಿಯೊಳಗೆ ಸ್ವಲ್ಪವೇ ತಡೆದು ಸರಿಯಬೇಕು. ಸುರುಳಿ ಅದರ ಜೊತೆ ಎಳೆದುಕೊಂಡು ಬಂದರೆ ಹತ್ತಿ ಹೆಚ್ಚಾಯಿತು ಎಂದು ಲೆಕ್ಕ. ಎರಡೂ ತುದಿಗಳನ್ನು ಬಾಚಿ ತೆಳ್ಳಗೆ ಮಾಡಿ ಬಟ್ಟಲಿನ ತಳಕ್ಕೆ ಮುಟ್ಟುವಂತೆ ಮಲಗಿಸಬೇಕು, ಲಿಕ್ವಿಡ್ ಮೇಲೆ ಬರುವ ತೂತನ್ನು ಮಾತ್ರ ಮುಚ್ಚಬಾರದು. ಹತ್ತಿ ಹಾಕುವ ಮೊದಲು ತಂತಿಯನ್ನು ಒಂದೆರಡು ಸಲ ಕಾಯಿಸಿ ನೋಡಬೇಕು. ಕೆಂಪು ನಡುವಿನಿಂದ ಶುರುವಾಗಿ ಎರಡೂ ಬದಿಗೆ ಸಮನಾಗಿ ಹರಡಿದರೆ ಸರಿ. ಒಂದೇ ಕಡೆ ಉರಿದರೆ ಚಿಮಟದಲ್ಲಿ ಸುರುಳಿಗಳನ್ನು ಒತ್ತಿ ಜೋಡಿಸಬೇಕು. ಡಬ್ಬಿಯ ಸಣ್ಣ ಪರದೆಯ ಮೇಲಿನ ಸಂಖ್ಯೆ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ ಎಂದರ್ಥ.

ಇಷ್ಟೆಲ್ಲ ಮಾಡಿದರೂ ಸೋರುವುದು ನಿಲ್ಲಲಿಲ್ಲ. ಆಗ ಆ ಬಟ್ಟಲನ್ನೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದೆ. ತಳ ಆಳವಿರಲಿಲ್ಲ. ಗಾಳಿಯ ತೂತುಗಳು ತೀರ ಕೆಳಗಿದ್ದವು. ಬಾಟಲಿಯನ್ನು ಒಂಚೂರು ಜೋರಾಗಿ ಒತ್ತಿದರೆ ಲಿಕ್ವಿಡ್ ನೇರ ಹೊರಗೆ. ಮುಚ್ಚಳ ಹಿಡಿಯುವ ರಬ್ಬರ್ ಉಂಗುರವೂ ಸವೆದಿತ್ತು. ತಪ್ಪು ನನ್ನ ಕೈಯದಲ್ಲ, ಬಟ್ಟಲಿನದೇ ಎಂದು ಅವರಿಗೆ ಹೇಳಿದೆ.

“ನಾಲ್ಕು ವರ್ಷದಿಂದ ನಡೀತಿದೆ. ನೀನು ಮುಟ್ಟಿದ ಮೇಲೆ ಸೋರೋಕೆ ಶುರುವಾಯ್ತಾ?”

“ನಾಲ್ಕು ವರ್ಷದಿಂದ ನಿಮ್ಮ ಜೇಬು ಒದ್ದೆ ಆಗ್ತಾ ಉಂಟು,” ಎಂದೆ. “ಒಗೀತಾ ಇದ್ದದ್ದು ನಾನು.”

ಸಂಜೆ ಪಕ್ಕದ ಊರು ಖೋಬಾರಿನ ವೇಪ್ ಅಂಗಡಿಗೆ ಹೋದೆವು. ಅವರು ಕಾರಿನಿಂದ ಇಳಿಯಲಿಲ್ಲ. ಪ್ಲಾಸ್ಟರ್ ಹಾಕಿದ ಕೈ ತೋರಿಸಿಕೊಂಡು ಅಂಗಡಿಗೆ ಹೋಗಲು ಅವರಿಗೆ ಅವಮಾನ. ಒಳಗೆ ಕೌಂಟರಿನ ಹಿಂದಿದ್ದ ಆಸಾಮಿ ನನ್ನನ್ನು ನೋಡಿದವನೇ ಹಿಂದಿಯಲ್ಲಿ ಸಾಹೇಬರು ಎಲ್ಲಿ ಎಂದು ಕೇಳಿದ. ಸಾಹೇಬರು ಬರುವುದಿಲ್ಲ, ಬಾಟಲಿ ಒತ್ತುವ ಡಬ್ಬಿಗೆ ಆಗುವ ಅಟೊಮೈಸರ್ ಬೇಕು, ಸೋರಬಾರದು ಎಂದೆ. ನನ್ನ ಮಾತು ಮುಗಿಯುವ ಮೊದಲೇ ಎರಡು ಕಾಯಿಲ್ ಹಿಡಿಸುವ, ಮಿರಮಿರ ಹೊಳೆಯುವ ದೊಡ್ಡದೊಂದನ್ನು ಮುಂದಿಟ್ಟ. ಸಾಹೇಬರಿಗೆ ಇದೇ ಬೇಕು, ನಿಮಗೆ ಗೊತ್ತಾಗುವುದಿಲ್ಲ ಎಂದ. ನನಗೆ ನಿಜವಾಗಿಯೂ ಆಗ ಅಷ್ಟು ಗೊತ್ತಿರಲಿಲ್ಲ. ತೆಗೆದುಕೊಂಡೆ.

ಮನೆಗೆ ಬಂದು ಕಾಯಿಲ್ ಹಾಕಿ, ಹತ್ತಿ ಕೂರಿಸಿ, ಡಬ್ಬಿಯ ಮೇಲೆ ತಿರುಗಿಸಿ ಬಾಟಲಿ ಒತ್ತಿದೆ. ಹತ್ತಿ ಒಣಗಿಯೇ ಇತ್ತು. ಇನ್ನೂ ಒತ್ತಿದೆ. ಲಿಕ್ವಿಡ್ ಬಟ್ಟಲಿಗೆ ಏರುವ ಬದಲು ಅದರ ಬುಡದ ಸುತ್ತ ಉಕ್ಕಿ ಡಬ್ಬಿಯೊಳಗೆ, ಬ್ಯಾಟರಿಯ ಕಡೆಗೆ ಇಳಿಯಿತು. ಗಾಬರಿಯಿಂದ ಬ್ಯಾಟರಿ ಹೊರಗೆ ತೆಗೆದು ಎಲ್ಲ ಒರೆಸಿದೆ. ಅಟೊಮೈಸರ್ ತಿರುಗಿಸಿ ತಳ ನೋಡಿದಾಗ ಕಾರಣ ತಿಳಿಯಿತು. ಇಂಥ ಡಬ್ಬಿಗೆ ತಳದ ಪಿನ್ನಿನ ನಡುವೆ ತೂತಿರಬೇಕು. ಲಿಕ್ವಿಡ್ ಏರುವ ದಾರಿಯೇ ಅದು. ಇದರ ಪಿನ್ನು ಗಟ್ಟಿ, ತೂತಿಲ್ಲದ್ದು. ಸಾಮಾನ್ಯವಾಗಿ ತೂತಿನ ಪಿನ್ನನ್ನು ಬೇರೆಯಾಗಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಗಟ್ಟಿಯದನ್ನು ಬಿಚ್ಚಿ ಇದನ್ನು ಹಾಕಿಕೊಳ್ಳಬೇಕು. ನಮ್ಮ ಪೆಟ್ಟಿಗೆಯಲ್ಲಿ ಅದಿರಲಿಲ್ಲ.

“ನೀನೇ ಆರಿಸಿ ತಂದಿದ್ದು,” ಎಂದು ನನ್ನ ಗಂಡ ಟಿವಿ ಕಡೆ ತಿರುಗಿದರು.

ಮರುದಿನ ಅವರನ್ನು ಮನೆಯಲ್ಲಿ ಬಿಟ್ಟು ಒಬ್ಬಳೇ ಹೋದೆ. ಪೆಟ್ಟಿಗೆ ಒಡೆದದ್ದು ವಾಪಸು ಇಲ್ಲ, ಖಲಾಸ್ ಎಂದ ಆಸಾಮಿ. ಇದರಲ್ಲಿ ಪಿನ್ನು ಇಲ್ಲ ಎಂದೆ. ಇದರ ಜೊತೆ ಬರುವುದೇ ಇಲ್ಲ ಎಂದ. ಹಾಗಾದರೆ ಇದೇ ಮಾಲಿನ ಇನ್ನೊಂದು ಪೆಟ್ಟಿಗೆ ತೆರೆದು ತೋರಿಸು ಎಂದೆ. ಆಗುವುದಿಲ್ಲ ಎಂದ. ನಾನು ಕೌಂಟರಿನ ಗಾಜಿನ ಮೇಲೆ ಕರ್ಚೀಫು ಹಾಸಿ, ಅಟೊಮೈಸರನ್ನು ಭಾಗ ಭಾಗವಾಗಿ ಬಿಚ್ಚಿ ಸಾಲಾಗಿಟ್ಟು ಅಲ್ಲೇ ನಿಂತೆ. ಬೇರೆ ಗಿರಾಕಿಗಳು ಬಂದರು, ನನ್ನನ್ನೂ ಕರ್ಚೀಫನ್ನೂ ನೋಡಿದರು. ನಾನು ಜಾಗ ಬಿಡಲಿಲ್ಲ. ದನಿ ಏರಿಸಲೂ ಇಲ್ಲ. ಕೊನೆಗೆ ಅವನು ಏನೋ ಗೊಣಗುತ್ತಾ ಇನ್ನೊಂದು ಪೆಟ್ಟಿಗೆ ತೆರೆದ. ಅದರ ತಳದಲ್ಲಿ ಪುಟ್ಟ ಪೊಟ್ಟಣದೊಳಗೆ ತೂತಿನ ಪಿನ್ನು ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ಅದನ್ನು ಗಾಜಿನ ಮೇಲೆ ಎಸೆದ. ಕ್ಷಮಿಸಿ ಎನ್ನಲಿಲ್ಲ. ನಾನೂ ಶುಕ್ರನ್ ಎಂದು ಧನ್ಯವಾದ ಹೇಳಲಿಲ್ಲ.

ಆ ದೊಡ್ಡ ಬಟ್ಟಲು ಅಷ್ಟರಲ್ಲೇ ನನಗೆ ಸಾಕಾಗಿತ್ತು. ಎರಡು ಕಾಯಿಲ್ ಎಂದರೆ ಬಾಟಲಿ ಬೇಗ ಖಾಲಿ, ಬ್ಯಾಟರಿ ಬೇಗ ಖಾಲಿ, ನನಗೆ ಎರಡು ಪಟ್ಟು ಕೆಲಸ. ಕಪಾಟನ್ನು ನಿಧಾನವಾಗಿ ನೋಡಿ ನನ್ನ ಸಂಬಳದಲ್ಲೇ ಇನ್ನೊಂದನ್ನು ಆರಿಸಿದೆ. ಒಂದೇ ಕಾಯಿಲಿನದು, ತಳ ಆಳ, ಗಾಳಿಯ ತೂತುಗಳು ಮೇಲೆ, ಸ್ಕ್ರೂಗಳ ತಲೆ ದೊಡ್ಡದು, ತಳದಲ್ಲಿ ತೂತಿನ ಪಿನ್ನು. ಇದು ಹೊಸಬರಿಗೆ, ಸಾಹೇಬರಿಗೆ ಇಷ್ಟವಾಗುವುದಿಲ್ಲ ಎಂದ ಆಸಾಮಿ. ಸಾಹೇಬರ ಇಷ್ಟ ನನಗೆ ಸಂಬಂಧಪಟ್ಟದ್ದಲ್ಲ ಎಂದೆ.

ಅದು ಸೋರಲಿಲ್ಲ, ಸುಡಲಿಲ್ಲ. ಕಾಯಿಲ್ ಹಾಕಿ ಕೊಟ್ಟಾಗ ಅವರು ಒಂದು ದಮ್ಮು ಎಳೆದು, ಇನ್ನೊಂದು ಎಳೆದು, ಸುಮ್ಮನೆ ಎದ್ದು ಹೊರಗಿನ ಕುರ್ಚಿಗೆ ಹೋದರು. ದೂರಲು ಏನೂ ಸಿಗದೆ ಎದ್ದು ಹೋದ ಆ ಬೆನ್ನನ್ನು ನೋಡಿ ನನಗೆ ಆದ ಸಂತೋಷ ಒಳ್ಳೆಯ ಸಂತೋಷವಲ್ಲ. ಆದರೆ ಆ ದಿನಗಳಲ್ಲಿ ನನಗಿದ್ದದ್ದು ಅದೊಂದೇ.

ಅದಾದ ಮೇಲೆ ಒಂದು ಶುಕ್ರವಾರ ಅವರ ಆಫೀಸಿನವರು ಕೆಲವರು ಕೈ ನೋಡಲು ಮನೆಗೆ ಬಂದರು. ಇವರು ಬಂದವರಲ್ಲಿ ಒಬ್ಬರಿಗೆ ಡಬ್ಬಿ ಹಿಡಿಸಿ ಸೇದಲು ಕೊಟ್ಟರು. ಸೇದಿದವರು ರುಚಿ ಹೊಗಳಿ, ಇದರ ಕಾಯಿಲ್ ಯಾರು ಹಾಕಿದ್ದು ಎಂದು ಕೇಳಿದರು.

“ನಾನೇ,” ಎಂದರು ನನ್ನ ಗಂಡ.

ಎಲ್ಲರ ಕಣ್ಣೂ ಪ್ಲಾಸ್ಟರಿನ ಕಡೆ ಹೋಯಿತು. ಎಡಗೈಯಲ್ಲಿ ಎಂದು ಅವರು ಸೇರಿಸಿದರು. ನಾನು ಚಹಾದ ಟ್ರೇ ಹಿಡಿದು ಅಲ್ಲೇ ಇದ್ದೆ. ಹೌದು, ಇವರಿಗೆ ಎಡಗೈ ಚೆನ್ನಾಗಿ ಓಡ್ತದೆ ಎಂದು ಹೇಳಿ ಚಹಾ ಕೊಟ್ಟೆ. ಬಂದವರು ಬೇಗ ಎದ್ದರು. ಆಮೇಲೆ ಕಾಯಿಲ್ ಹಳತಾದಾಗ ನಾನು ಮುಟ್ಟಲಿಲ್ಲ. ಕಪ್ಪಾದ ಹತ್ತಿಯ ಮೇಲೆಯೇ ಅವರು ದಿನಗಟ್ಟಲೆ ಸೇದಿದರು, ಮಾಡಿಕೊಡು ಎನ್ನಲಿಲ್ಲ. ಕೊನೆಗೊಂದು ಬೆಳಿಗ್ಗೆ ಡಬ್ಬಿಯನ್ನು ನನ್ನ ತಿಂಡಿ ತಟ್ಟೆಯ ಪಕ್ಕ ಇಟ್ಟು, “ಅವತ್ತು ಅವರ ಮುಂದೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಅದಕ್ಕೆ ಈಗ ಏನಾಯ್ತು,” ಎಂದರು. ಅವರಿಂದ ಬರಬಹುದಾದ ಕ್ಷಮೆ ಅಷ್ಟೇ. ನಾನು ತಿಂಡಿ ಮುಗಿಸಿ, ಕೈ ತೊಳೆದು, ಹತ್ತಿ ಬದಲಾಯಿಸಿದೆ.

ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ಸರಿಯಾಗಿತ್ತು. ಹೆಬ್ಬೆರಳು ಸರಿಯಾಗಿರಲಿಲ್ಲ. ತೋರುಬೆರಳಿಗೆ ಮುಟ್ಟುತ್ತಿತ್ತು, ಒತ್ತಿ ಹಿಡಿಯಲು ಬಲವಿರಲಿಲ್ಲ. ಸ್ಟಿಯರಿಂಗ್ ಹಿಡಿಯಬಹುದು, ಚಿಮಟ ಹಿಡಿಯಲಾಗದು. ಫಿಸಿಯೋಥೆರಪಿ ಮಾಡಿ, ಎಷ್ಟು ಬರುತ್ತದೋ ನೋಡೋಣ ಎಂದರು ಡಾಕ್ಟರು. ನನ್ನ ಗಂಡ ಕಾರಿನ ಕೀಲಿಯನ್ನು ಅದೇ ದಿನ ವಾಪಸು ತೆಗೆದುಕೊಂಡರು.

ಒಂದು ದಿನ ಶಾಲೆಯಿಂದ ಬಂದಾಗ ಊಟದ ಮೇಜಿನ ಮೇಲೆ ತಂತಿಯ ಚೂರು, ಹತ್ತಿ, ನಡುವೆ ನಾನು ಆರಿಸಿ ತಂದ ಅಟೊಮೈಸರ್. ನಾನಿಲ್ಲದಾಗ ತಾವೇ ಕಾಯಿಲ್ ಹಾಕಲು ನೋಡಿದ್ದರು. ಡಬ್ಬಿಯ ಪರದೆಯ ಮೇಲೆ ಅಟೊಮೈಸರ್ ಪರೀಕ್ಷಿಸಿ ಎಂಬ ಎಚ್ಚರಿಕೆ ಬರುತ್ತಿತ್ತು. ನೀನು ತಂದದ್ದು ಕೆಟ್ಟುಹೋಗಿದೆ ಎಂದರು. ನಾನು ಮುಚ್ಚಳ ತೆಗೆದೆ. ತಂತಿಯ ಕಾಲನ್ನು ಉದ್ದವಾಗಿ ಬಿಟ್ಟಿದ್ದರು, ಅದು ಮುಚ್ಚಳದ ಗೋಡೆಗೆ ತಾಗುತ್ತಿತ್ತು; ಶಾರ್ಟ್ ಆಗುವುದು ಸಹಜ. ಅದನ್ನು ಕತ್ತರಿಸಿದರೆ ಮುಗಿಯಿತು. ಮುಗಿಯದೇ ಇದ್ದದ್ದು ಸ್ಕ್ರೂ. ಕೈ ಜಾರಿ ಜಾರಿ ಅದರ ತಲೆಯನ್ನು ಸವೆಸಿ ನುಣ್ಣಗೆ ಮಾಡಿಟ್ಟಿದ್ದರು. ಇದು ಕೆಟ್ಟದ್ದಲ್ಲ, ಕೆಡಿಸಿದ್ದು ಎಂದೆ. ಕಂಪನಿಯವರು ಬಿಡಿ ಸ್ಕ್ರೂಗಳನ್ನು ಕೊಟ್ಟಿದ್ದರು, ನಾನು ತೆಗೆದಿಟ್ಟಿದ್ದೆ. ಆದರೆ ಅದನ್ನು ತರಲು ಏಳಲಿಲ್ಲ. ಬದಲಿಗೆ, ಬಹಳ ದಿನದಿಂದ ಒಳಗಿದ್ದ ಮಾತನ್ನು ಆ ತಂತಿಯ ಚೂರುಗಳ ಮುಂದೆಯೇ ಹೇಳಿದೆ. ಶಾಲೆಯ ವರ್ಷ ಮುಗಿದ ಕೂಡಲೇ ನಾನು ಮಂಗಳೂರಿಗೆ ಹೋಗುತ್ತೇನೆ, ರಜೆಗಲ್ಲ, ಮರಳಿ ಬಾರದ ಫೈನಲ್ ಎಕ್ಸಿಟ್. ಲ್ಯಾಬಿಗೆ ಜಾಗ ನೋಡಲು ಹೇಳಿ ಆಗಿದೆ.

ಅವರು ಮೇಜಿನ ಮೇಲಿನ ತಂತಿಯ ಚೂರುಗಳನ್ನು ಎಡಗೈಯಲ್ಲಿ ಒಟ್ಟುಗೂಡಿಸತೊಡಗಿದರು. ಬೈಯುತ್ತಾರೆ ಎಂದುಕೊಂಡೆ. ಬೇಡ ಎನ್ನಬಹುದು ಎಂದೂ ಒಂದು ಕ್ಷಣ ಅನ್ನಿಸಿತು.

“ನೀನು ಹೋದ್ರೆ ಕಾಯಿಲ್ ಯಾರು ಹಾಕ್ತಾರೆ?” ಎಂದರು.

ಹದಿನಾಲ್ಕು ವರ್ಷದ ಸಂಸಾರದ ಮೇಲೆ ಕೇಳಿದ ಆ ಪ್ರಶ್ನೆಗೆ ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ರೆಡಿಮೇಡ್ ಸೇದಿ ಎಂದೆ. ಸಾಯ್ತೀನೇ ಹೊರತು ಅದನ್ನು ಸೇದಲ್ಲ ಎಂದರು.

ಇಲ್ಲಿ ಹೆಂಡತಿಯ ಇಕಾಮಾ, ಅಂದರೆ ವಾಸದ ಪರವಾನಗಿ, ಇರುವುದು ಗಂಡನ ಹೆಸರಿನ ಕೆಳಗೆ. ನಾನು ದೇಶ ಬಿಡಬೇಕಾದರೆ ಅವರು ತಮ್ಮ ಫೋನಿನಲ್ಲಿ ಸರ್ಕಾರಿ ವೆಬ್‌ಸೈಟಿಗೆ ಹೋಗಿ ಎಕ್ಸಿಟ್ ಅನುಮತಿ ಹಾಕಬೇಕು. ಅವರು ಹಾಕಲಿಲ್ಲ. ಕೇಳಿದಾಗಲೆಲ್ಲ ಸೈಟ್ ಸರಿಯಿಲ್ಲ, ಓಟಿಪಿ ಬರುತ್ತಿಲ್ಲ, ನಾಳೆ ನೋಡೋಣ. ಅವರ ಕೈಯಲ್ಲಿ ನನ್ನ ಎಕ್ಸಿಟ್ ಇತ್ತು, ನನ್ನ ಕೈಯಲ್ಲಿ ಅವರ ಕಾಯಿಲ್. ನಾನು ಸವೆದ ಸ್ಕ್ರೂ ಬದಲಾಯಿಸಲಿಲ್ಲ. ಅವರು ಹಳೆಯ ಸೋರುವ ಬಟ್ಟಲನ್ನೇ ಕಪ್ಪು ಹತ್ತಿಯಲ್ಲಿ ಎಳೆಯುತ್ತಾ ದಿನ ದೂಡಿದರು. ಒಂದು ಸಂಜೆ ಅವರ ಅಂಗಿಯಲ್ಲಿ ಸಿಗರೇಟಿನ ವಾಸನೆ ಬಂತು. ಅಂದು ನಾನೇ ಮಾತೆತ್ತಿದೆ.

“ನಿಮ್ಮ ಎಡಗೈಗೆ ನಾನು ಕಲಿಸ್ತೇನೆ. ನೀವು ಒಬ್ಬರೇ ಒಂದು ಕಾಯಿಲ್ ಸರಿಯಾಗಿ ಹಾಕಿದ ದಿನ ನನ್ನ ಎಕ್ಸಿಟ್ ಹಾಕಬೇಕು. ಅಷ್ಟೇ ಮಾತು.”

ಅವರು ಹೂಂ ಎಂದರು.

ರಂಜಾನ್ ತಿಂಗಳಾದ್ದರಿಂದ ಆಫೀಸು, ಶಾಲೆ ಎರಡೂ ಬೇಗ ಬಿಡುತ್ತಿದ್ದವು. ಹಗಲು ಹೊರಗೆಲ್ಲೂ ಸೇದುವಂತಿರಲಿಲ್ಲ. ಮಧ್ಯಾಹ್ನ ಪರದೆ ಎಳೆದ ಕೋಣೆಯಲ್ಲಿ ಮೇಜಿನ ಆಚೆ ಈಚೆ ಕೂರುತ್ತಿದ್ದೆವು. ಸವೆದ ಸ್ಕ್ರೂ ಬದಲಾಯಿಸಿ, ಅಟೊಮೈಸರ್ ಅಲುಗದಂತೆ ಅದನ್ನು ಭಾರದ ಮರದ ತುಂಡಿಗೆ ಕೂರಿಸಿಕೊಟ್ಟೆ. ಸುರುಳಿಯನ್ನು ಮೊದಲೇ ಸುತ್ತಿ, ಕಾಲುಗಳನ್ನು ಮೊದಲೇ ಅಳತೆಗೆ ಕತ್ತರಿಸಿಕೊಳ್ಳಬೇಕು, ಆಮೇಲೆ ಕತ್ತರಿಸಲು ಎರಡನೇ ಕೈ ಬೇಕಾಗುತ್ತದೆ ಎಂದೆ. ಸ್ಕ್ರೂ ತಿರುಗಿಸುವಾಗ ಬಲಗೈಯನ್ನು ಬೆರಳಿನಂತಲ್ಲ, ಕಲ್ಲಿನಂತೆ ಬಳಸಿ, ಸುಮ್ಮನೆ ಮೇಲೆ ಇಟ್ಟು ಒತ್ತಿ ಎಂದೆ. ಅವರು ಕೆಟ್ಟ ವಿದ್ಯಾರ್ಥಿ. ಹೇಳಿದ್ದನ್ನು ಅರ್ಧ ಕೇಳಿ, ತಮಗೆ ಗೊತ್ತು ಎಂದು ಮುಂದೆ ಹೋಗುವವರು. ತಪ್ಪಾದಾಗ ತಂತಿಗೆ ಬೈಯುವವರು. ನಾನೂ ಕೆಟ್ಟ ಟೀಚರೇ. ಒಮ್ಮೆಯೂ ಭೇಷ್ ಎನ್ನಲಿಲ್ಲ, ಮತ್ತೆ ಮಾಡಿ ಎಂದಷ್ಟೇ ಹೇಳಿದೆ. ಶಾಲೆಯ ಮಕ್ಕಳಿಗೆ ನಾನು ಹಾಗೆ ಮಾಡಿದವಳಲ್ಲ.

ಒಮ್ಮೆ ಸಿಟ್ಟಿನಲ್ಲಿ ಚಿಮಟವನ್ನು ಗೋಡೆಗೆ ಎಸೆದರು. ನಾನು ಹೆಕ್ಕಲಿಲ್ಲ. ಅದು ಸೋಫಾದ ಕಾಲಿನ ಬಳಿ ಬಿದ್ದೇ ಇತ್ತು. ಮರುದಿನ ಮಧ್ಯಾಹ್ನ ಪಾಠಕ್ಕೆ ಕೂರುವ ಮುನ್ನ ಅವರೇ ಬಗ್ಗಿ ತೆಗೆದುಕೊಂಡು ಬಂದರು.

ಈದ್ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನಾನು ಕೈ ಕಟ್ಟಿ ಕೂತಿದ್ದೆ. ಅವರು ತಂತಿ ಬಿಗಿದರು, ಕಾಯಿಸಿ ನೋಡಿದರು. ಒಂದು ಕಡೆ ಉರಿಯಿತು. ಹೇಳದೆಯೇ ಸುರುಳಿ ಒತ್ತಿ ಸರಿ ಮಾಡಿದರು. ಹತ್ತಿ ತೂರಿಸಿದರು, ತುದಿಗಳನ್ನು ಸೂಜಿಯಲ್ಲಿ ಬಾಚಿ ಕೂರಿಸಿದರು. ಬಾಟಲಿ ಒತ್ತಿದರು. ಹತ್ತಿ ನೆನೆದು ಬಣ್ಣ ಬದಲಾಯಿಸಿತು, ಹೆಚ್ಚಿನದು ಹಿಂದಕ್ಕೆ ಇಳಿಯಿತು. ಪರದೆಯ ಸಂಖ್ಯೆ ಅಲುಗಲಿಲ್ಲ. ಒಂದು ದಮ್ಮು ಎಳೆದು ಬಿಟ್ಟರು. ಆಮೇಲೆ ಅವರು ಫೋನು ತೆಗೆದು, ಎಡಗೈಯ ಹೆಬ್ಬೆರಳಿನಲ್ಲಿ ಒಂದೊಂದಾಗಿ ಒತ್ತುತ್ತಾ ಹೋದರು. ನಾನು ಕಿಟಕಿಯ ಪರದೆ ಸರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಫೋನಿಗೆ ಸಂದೇಶ ಬಂದ ಸದ್ದಾಯಿತು. ಆಯ್ತು ಎಂದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವರಿಗೆ ತೋರಿಸಬಾರದೆಂದು ಕಿಟಕಿಯ ಕಡೆಗೇ ನಿಂತಿದ್ದೆ.

ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಅವರೇ ಬಿಟ್ಟರು. ದಾರಿಯುದ್ದಕ್ಕೂ ಬೇರೆ ಗಾಡಿಗಳವರಿಗೆ ಬೈದರು. ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸುವಾಗ ಹೆಬ್ಬೆರಳು ನೋಯಿತು, ಮುಖ ಕಿವುಚಿದರು, ಆದರೂ ನನಗೆ ಎತ್ತಲು ಬಿಡಲಿಲ್ಲ. ಹೋಗಿ ಬರ್ತೇನೆ ಎನ್ನುವ ರೂಢಿಯ ಮಾತು ನನ್ನ ಬಾಯಿಗೆ ಬಂತು. ಬರುವುದಿಲ್ಲವಲ್ಲ ಎಂದು ನುಂಗಿಕೊಂಡೆ.

ಈಗ ಮಂಗಳೂರಿನಲ್ಲಿ ನಮ್ಮ ಲ್ಯಾಬು ಎರಡು ಕೋಣೆಗಳಲ್ಲಿ ನಡೆಯುತ್ತಿದೆ. ಕೆಲಸ ಬರುತ್ತದೆ; ಕೆಲವು ತಿಂಗಳು ಸಾಕಷ್ಟು, ಕೆಲವು ತಿಂಗಳು ಇಲ್ಲ. ನೀವಿಬ್ಬರೂ ಬಿಟ್ಟಿರಾ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ, ನನಗೇ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಅವರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಶುರುವಿನಲ್ಲಿ ಅದೆಲ್ಲ ಯಂತ್ರದ ಮಾತೇ. ಒತ್ತಿದರೆ ಬರೀ ಗುಳ್ಳೆ ಬರುತ್ತಿದೆ ಎಂದರೆ ಬಾಟಲಿಯ ಮುಚ್ಚಳ ಬಿಗಿ ಮಾಡಿ ಎನ್ನುತ್ತಿದ್ದೆ. ಲಿಕ್ವಿಡ್ ಅರ್ಧವಿದ್ದರೂ ಏರುತ್ತಿಲ್ಲ ಎಂದರೆ ಕೊಳವೆಯ ತುದಿ ತಳಕ್ಕೆ ಅಂಟಿರಬೇಕು, ಓರೆಯಾಗಿ ಕತ್ತರಿಸಿ ಎನ್ನುತ್ತಿದ್ದೆ. ಸರಿಯಾಯಿತೋ ಇಲ್ಲವೋ ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ.

ಈಚೆಗೆ ಯಂತ್ರದ ತೊಂದರೆ ಏನೂ ಇಲ್ಲವಂತೆ. ಆದರೂ ಫೋನ್ ಬರುತ್ತದೆ. ಹೋದ ವಾರ, ಕಾಂಟ್ರ್ಯಾಕ್ಟು ಮುಗಿದ ಮೇಲೆ ಅಲ್ಲಿಗೇ ಬರೋಣ ಅಂತಿದೀನಿ ಎಂದರು.

“ಬನ್ನಿ. ಮನೆಯಲ್ಲಿ ಜಾಗ ಉಂಟು,” ಎಂದೆ. “ಲ್ಯಾಬಿಗೆ ಮಾತ್ರ ಬಂದು ನನಗೆ ಹೇಳಿಕೊಡ್ಲಿಕ್ಕೆ ಹೋಗಬೇಡಿ.”

ಅಂದು ಮಾತು ಅಲ್ಲಿಗೆ ಮುಗಿಯಿತು.